ಮಂಜುಗಡ್ಡೆಯ ಮೇಲಿನ ಹಾಕಿ ಮೇಷ್ಟ್ರು

ವೈಯಾಲಿಕಾವಲ್

ಅಮೆರಿಕಕ್ಕೆ ಹೊರಟವಳಿಗೆ ಏನು ಬೇಕು ಎಂಬ ವಿಷಯದಲ್ಲಿ ನಮ್ಮ ವಠಾರದವರೆಲ್ಲ ಒಮ್ಮತಕ್ಕೆ ಬಂದಿದ್ದರು. ಸ್ವೆಟರು ಬೇಕು. ಹೀಗಾಗಿ ಹೊರಡುವ ವಾರ ನನ್ನ ಹಾಸಿಗೆಯ ಮೇಲೆ ಸ್ವೆಟರುಗಳದ್ದೇ ಗುಡ್ಡೆ. ಮೆಜೆಸ್ಟಿಕ್ಕಿನಲ್ಲಿ ಟಿಬೆಟಿನವರ ಹತ್ತಿರ ಕೊಂಡದ್ದು, ಪಕ್ಕದ ಮನೆಯ ಶಾಂತಮ್ಮ ಹೆಣೆದದ್ದು, ಅಣ್ಣ ತೊಟ್ಟು ಬಿಟ್ಟದ್ದು. ಅದರ ಮೇಲೆ ಕಿರೀಟದಂತೆ ಒಂದು ಮಂಕಿ ಕ್ಯಾಪು. ಅಮ್ಮ ಮಾತ್ರ ಉಣ್ಣೆಯ ಗೊಡವೆಗೆ ಹೋಗದೆ ರಾಗಿ ಹುರಿದು, ಬೀಸಿಸಿ, ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿದಳು. "ಅಲ್ಲಿ ಏನ್ ಸಿಗುತ್ತೋ ಏನ್ ಬಿಡುತ್ತೋ. ಬೆಳಿಗ್ಗೆ ಎದ್ದು ಹಾಲಿಗೆ ಕಲಸ್ಕೊಂಡು ಕುಡಿ. ಮಧ್ಯಾಹ್ನದವರ್ಗೂ ಯೋಚ್ನೆ ಇರಲ್ಲ" ಎಂದಳು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿ. ಹುಡುಗಿಯರ ಹಾಕಿ ತಂಡವನ್ನು ಕಟ್ಟಿ ಬೆಳೆಸಿದವಳು ನಾನೇ. ನನಗೆ ಆ ಹುಚ್ಚು ಹಿಡಿಸಿದವರು ಅಪ್ಪ. ಶ್ರೀರಾಂಪುರದಲ್ಲಿದ್ದಾಗ ಅವರು ಬಟ್ಟೆ ಮಿಲ್ಲಿನ ಕೆಲಸಗಾರರು, ಮಿಲ್ಲಿನ ಟೀಮಿನಲ್ಲಿ ಫುಲ್‌ಬ್ಯಾಕು. ಅವರ ಸೀಳು ಬಿಟ್ಟ ಸ್ಟಿಕ್ಕಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿ ಕೊಟ್ಟದ್ದೇ ನನ್ನ ಮೊದಲ ಸ್ಟಿಕ್ಕು. ನನಗೆ ಕೆಲಸ ಸಿಕ್ಕ ಮೇಲೆ ನಾವು ವೈಯಾಲಿಕಾವಲ್‌ಗೆ ಬಂದೆವು. ಅಪ್ಪ ಆ ಮನೆಯಲ್ಲಿ ಹೆಚ್ಚು ದಿನ ಬದುಕಲಿಲ್ಲ.

ಬೇರೆ ಬೇರೆ ದೇಶಗಳ ಆಟದ ಅಧ್ಯಾಪಕರನ್ನು ಒಂದು ಚಳಿಗಾಲದ ಮಟ್ಟಿಗೆ ಅಮೆರಿಕದ ಕಾಲೇಜುಗಳಿಗೆ ಕರೆಸಿಕೊಳ್ಳುವ ಯೋಜನೆಯೊಂದಿತ್ತು. ಯಾವ ಆಟ ಕಲಿಸುತ್ತೀರಿ ಎಂದು ಕೇಳಿದ್ದರು. ಹಾಕಿ ಎಂದೆ. ಹಾಕಿಯವಳನ್ನು ಹಾಕಿಯವರ ಹತ್ತಿರವೇ ಕಳಿಸುವುದು ನ್ಯಾಯ ಎಂದು ಅವರಿಗೂ ಅನ್ನಿಸಿರಬೇಕು. ಕೆನಡಾದ ಗಡಿಗೆ ಹತ್ತಿರದ ಒಂದು ಸಣ್ಣ ಊರಿನ ಕಾಲೇಜಿಗೆ, ಎಲ್ಮರ್ ಸ್ಟ್ರಾಂಡ್ ಎಂಬ ಹಿರಿಯ ಕೋಚ್ ಹತ್ತಿರ ಕಳಿಸಿದರು. ಹೆಗಲಿಗೆ ಹಾಕಿ ಸ್ಟಿಕ್ಕಿನ ಚೀಲ ಹಾಕಿಕೊಂಡು, ಜನವರಿಯಲ್ಲಿ ವಿಮಾನ ಹತ್ತಿದೆ.

ಇಳಿದ ಊರು

ಅಮ್ಮನ ಹಟಕ್ಕೆ ಸೀರೆ ಉಟ್ಟಿದ್ದೆ. ಅದರ ಮೇಲೆ ಎರಡು ಸ್ವೆಟರು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂಸು. ಆ ಪುಟ್ಟ ವಿಮಾನ ನಿಲ್ದಾಣದ ಬಾಗಿಲು ತೆರೆದಾಗ ಒಳಗೆ ಬಂದದ್ದು ಗಾಳಿ ಎನ್ನಿಸಲಿಲ್ಲ. ಯಾರೋ ಎದುರು ನಿಂತು ಮುಖಕ್ಕೆ ಬಾರಿಸಿದಂತಿತ್ತು. ಮೂಗಿನ ಒಳಗಿನ ಕೂದಲು ಸೆಟೆದುಕೊಂಡಿತು. ಸ್ಟ್ರಾಂಡ್ ದಂಪತಿ ನನ್ನನ್ನು ಸುಲಭವಾಗಿ ಗುರುತಿಸಿದರು. ಗುರುತಿಸಲು ಕಷ್ಟಪಡುವಂಥ ವೇಷ ನನ್ನದಾಗಿರಲಿಲ್ಲ.

ಕೋಚ್ ಸ್ಟ್ರಾಂಡ್ ಎತ್ತರದ ಮನುಷ್ಯ, ಅರವತ್ತು ದಾಟಿದವರು, ಮೂಗು ಒಮ್ಮೆ ಮುರಿದು ಸ್ವಲ್ಪ ಎಡಕ್ಕೆ ಸರಿದು ಕೂಡಿಕೊಂಡಿತ್ತು. ಅವರ ಹೆಂಡತಿ ಹೆಲೆನ್ ನನ್ನ ಕ್ಯಾನ್ವಾಸ್ ಶೂಗಳನ್ನು ನೋಡಿದರು, ಕಾರಿನಿಂದ ಒಂದು ಜೊತೆ ಬೂಟು ತಂದು ನನ್ನ ಮುಂದಿಟ್ಟರು. ನನ್ನ ಎರಡು ಕಾಲೂ ಒಂದೇ ಬೂಟಿನೊಳಗೆ ಹೋಗುವಂತಿತ್ತು. ಮುಂದೆ ಕಾಗದ ತುರುಕಿಕೊಂಡೆ.

ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೋಚ್ ನನ್ನ ಚೀಲದಿಂದ ಇಣುಕುತ್ತಿದ್ದ ಸ್ಟಿಕ್ಕನ್ನು ಮುಟ್ಟಿ, "ಇದೇನು?" ಎಂದರು.

"ಹಾಕಿ ಸ್ಟಿಕ್."

ಹೊರಗೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟು ಗಿಡ್ಡ? ಇದರಲ್ಲಿ ಹೊಡೆಯಬೇಕಾದ್ರೆ ನಡು ಬಗ್ಗಿಸಬೇಕಲ್ಲ?"

"ಬಗ್ಗಿಸ್ತೀವಿ. ನೆಲದ ಮೇಲಲ್ವಾ ಆಡೋದು?"

ಅವರು ಹೆಂಡತಿಯ ಮುಖ ನೋಡಿದರು. "ನಾವು ಐಸ್ ಮೇಲೆ ಆಡ್ತೀವಿ" ಎಂದರು.

ಉಚ್ಚಾರಣೆ ನನಗೆ ಅರ್ಥವಾಗುತ್ತಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದರು. ಹೆಲೆನ್ ಮೊದಲು ನಕ್ಕರು, ಆಮೇಲೆ ಕೋಚ್, ಕೊನೆಗೆ ನಾನು. ನನ್ನ ನಗುವಿನಲ್ಲಿ ಅರ್ಧ ಭಯವೇ ಇತ್ತು. ಸಮುದ್ರಗಳನ್ನು ದಾಟಿ ಬಂದದ್ದು ತಪ್ಪು ಆಟಕ್ಕೆ! "ಹಾಗಾದ್ರೆ ನನ್ನನ್ನ ವಾಪಸ್ ಕಳಿಸ್ತೀರಾ?" ಎಂದೆ.

"ಬಂದಿದೀರಲ್ಲ, ಕೋಚ್," ಎಂದು ಅವರು ನನ್ನ ಪೆಟ್ಟಿಗೆ ಎತ್ತಿಕೊಂಡರು. "ಯಾರ ಹತ್ತಿರ ಯಾರು ಏನು ಕದೀಬಹುದು ಅಂತ ನೋಡೋಣ."

ನಾನು ಕಾರಿನಲ್ಲಿ ಕೂತು ಆ ಒಂದು ಪದವನ್ನೇ ಮೆಲುಕು ಹಾಕಿದೆ. ನಮ್ಮ ಕಾಲೇಜಿನಲ್ಲಿ ನಾನು ಗೇಮ್ಸ್ ಮಿಸ್ಸು. ವಠಾರದಲ್ಲಿ ಡ್ರಿಲ್ ಟೀಚರು. ಕೋಚ್ ಎಂದು ಇನ್ನೊಬ್ಬ ಕೋಚ್ ಕರೆದದ್ದು ಅದೇ ಮೊದಲು.

ಮನೆ ತಲುಪಿದೊಡನೆ ಅವರು ಕಾರಿನ ಮೂತಿಯಿಂದ ಒಂದು ವಯರು ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಕರೆಂಟಿನಿಂದ ಓಡುವ ಕಾರು ಎಂದು ನಾನು ಬೆರಗಾದೆ. ಎಂಜಿನ್ ಹೆಪ್ಪುಗಟ್ಟದಿರಲೆಂದು ಅದನ್ನು ಇಡೀ ರಾತ್ರಿ ಬೆಚ್ಚಗಿಡುತ್ತಾರಂತೆ. ಬಾಣಂತಿಯ ಆರೈಕೆ ಅಲ್ಲಿ ಕಾರಿಗೆ ನಡೆಯುತ್ತದೆ.

ಹೆಲೆನ್ ಹೇಳಿದ್ದು

ಕಾಲೇಜಿನ ರಿಂಕ್ ಎಂದರೆ ನಮ್ಮ ಟೌನ್ ಹಾಲಿನಂಥ ದೊಡ್ಡ ಕಟ್ಟಡ, ಒಳಗೆ ನೆಲದ ಬದಲು ಮಂಜುಗಡ್ಡೆ, ಸುತ್ತ ಎದೆಯೆತ್ತರದ ಹಲಗೆಯ ಗೋಡೆ. ಮೊದಲ ದಿನ ಅಭ್ಯಾಸ ನೋಡಲು ಹೋದೆ. ಹುಡುಗರು ಕಾಲಿಗೆ ಚಾಕು ಕಟ್ಟಿಕೊಂಡು ಬಸ್ಸಿನ ವೇಗದಲ್ಲಿ ಬರುತ್ತಾರೆ. ಚೆಂಡಿನ ಬದಲು ರಬ್ಬರಿನ ಕಪ್ಪು ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ, ಅದು ಎಲ್ಲಿ ಹೋಯಿತೆಂದು ಕಾಣುವುದೇ ಇಲ್ಲ, ಹಲಗೆಗೆ ಬಡಿದ ಸದ್ದು ಮಾತ್ರ ಕೇಳುತ್ತದೆ. ತಪ್ಪು ಮಾಡಿದವನನ್ನು ಗಾಜಿನ ಗೂಡೊಂದರಲ್ಲಿ ಕೂರಿಸುತ್ತಾರೆ. ಅವನು ಅಲ್ಲಿ ಕೂತು ಎಲ್ಲರಿಗೂ ಕಾಣುವಂತೆ ಪಶ್ಚಾತ್ತಾಪ ಪಡಬೇಕು. ಇದನ್ನು ನಮ್ಮ ಕಾಲೇಜಿಗೂ ತರಬೇಕೆಂದು ಆಗಲೇ ಅಂದುಕೊಂಡೆ.

ಕೋಚ್ ಕಿರುಚುವವರಲ್ಲ. ಬೆಂಚಿನ ಹಿಂದೆ ನಿಂತು ಸ್ಟಿಕ್ಕಿನ ತುದಿಯಿಂದ ಹಲಗೆಯನ್ನು ಕುಟ್ಟುವರು. ಹುಡುಗರು ನಿಂತೊಡನೆ ಎರಡು ಮಾತು, ಮತ್ತೆ ಆಟ. ಅವರು ಹೆಚ್ಚಾಗಿ ಹೇಳುತ್ತಿದ್ದುದು ಒಂದೇ: "ತಲೆ ಎತ್ತು." ಪಕ್ ನೋಡುತ್ತ ಬಗ್ಗಿ ಓಡಿದವನಿಗೆ ಎದುರಾಳಿ ಕಾಣುವುದಿಲ್ಲ, ಜೊತೆಗಾರನೂ ಕಾಣುವುದಿಲ್ಲ. ಬಸವನಗುಡಿಯ ಕೆಂಪು ಮಣ್ಣಿನಲ್ಲಿ ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದೂ ಅದೇ ಮಾತು. ಆ ಕ್ಷಣ ನನ್ನ ಭಯ ಇಳಿಯಿತು.

ರಿಂಕ್‌ನ ಓಣಿಯ ಗೋಡೆಯ ಮೇಲೆ ಪ್ರತಿ ವರ್ಷದ ತಂಡದ ಫೋಟೋ ಇತ್ತು. ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ ಹುಡುಗರು ಬದಲಾಗುತ್ತ ಹೋಗುತ್ತಾರೆ, ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯನ ಕೂದಲು ಮಾತ್ರ ನಿಧಾನವಾಗಿ ಬೆಳ್ಳಗಾಗುತ್ತದೆ. ಆ ಕತೆಯನ್ನು ನನಗೆ ಹೇಳಿದವರು ಹೆಲೆನ್, ಅಡುಗೆಮನೆಯ ಮೇಜಿನ ಮೇಲೆ ಆಲೂಗಡ್ಡೆ ಸುಲಿಯುತ್ತ.

ಕೋಚ್‌ನ ತಂದೆ ಕಬ್ಬಿಣದ ಅದಿರಿನ ಗಣಿಯಲ್ಲಿ ಕೂಲಿಯವರು. ಕೋಚ್ ಎರಡನೇ ಮಹಾಯುದ್ಧದಿಂದ ಮರಳಿ ಇದೇ ಕಾಲೇಜಿನಲ್ಲಿ ಓದಿ, ಗಣಿತದ ಅಧ್ಯಾಪಕರಾದರು. ಹಾಕಿ ತಂಡವನ್ನು ಯಾರೂ ಕೇಳುವವರಿರಲಿಲ್ಲ, ಇವರು ನಾನು ನೋಡಿಕೊಳ್ಳುತ್ತೇನೆ ಎಂದರು. ಆಗ ರಿಂಕೂ ಇಲ್ಲ, ಸೂರೂ ಇಲ್ಲ. ಕಾಲೇಜಿನ ಹಿಂದಿನ ಕೊಳವೇ ಮೈದಾನ. ದಿನದ ಆಟಕ್ಕೆ ಗೀರು ಬಿದ್ದ ಮಂಜುಗಡ್ಡೆಯ ಮೇಲೆ ಸಂಜೆ ಫೈರ್ ಇಂಜಿನ್ನಿನ ಪೈಪು ಹಿಡಿದು ತಾವೇ ನೀರು ಹಾಯಿಸುವರು, ಬೆಳಗಾಗುವಷ್ಟರಲ್ಲಿ ಅದು ಕನ್ನಡಿಯಾಗುವುದು.

"ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ" ಎಂದೆ. ಅದನ್ನು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಸಗಣಿ ಎಂದಾಗ ಹೆಲೆನ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದರು.

ಆ ಕೊಳದ ಹುಡುಗರೇ ದೊಡ್ಡವರಾಗಿ ಈ ರಿಂಕನ್ನು ಕಟ್ಟಿಸಿದರು. ರಜೆಗೆ ಬಂದು ಇಟ್ಟಿಗೆ ಹೊತ್ತವರಲ್ಲಿ ಒಬ್ಬರು ಆಗಲೇ ಜಡ್ಜ್ ಆಗಿದ್ದರಂತೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕೋಚ್ ಅವರನ್ನು ಕರೆದವು. ಹೋಗಲಿಲ್ಲ. ಯಾಕೆಂದು ನಾನು ಅವರನ್ನೇ ಕೇಳಿದೆ.

"ಅಲ್ಲಿಗೆ ಆಟಗಾರರಾದವರು ಬರ್ತಾರೆ," ಎಂದರು. "ಇಲ್ಲಿಗೆ ಬಂದವರು ಆಟಗಾರರಾಗ್ತಾರೆ. ನನಗೆ ಇದು ಇಷ್ಟ."

ಈಗ ಅವರಿಗೆ ನಿವೃತ್ತಿಯ ವಯಸ್ಸು. ನಾನು ಹೋದ ಚಳಿಗಾಲವೇ ಅವರ ಕೊನೆಯ ಸೀಸನ್.

ಊರು ತುಂಬ ಅವರ ಹುಡುಗರೇ. ಪೆಟ್ರೋಲ್ ಬಂಕಿನವನು, ಚರ್ಚಿನ ಪಾದ್ರಿ, ಅಂಚೆ ಕಚೇರಿಯವನು. ಮಂಜುಗಡ್ಡೆಯ ಮೇಲೆ ನಿಲ್ಲಲು ಹೋಗಿ ನಾನು ಮೊದಲ ದಿನವೇ ಬಿದ್ದು ಮಣಿಕಟ್ಟು ಊದಿಸಿಕೊಂಡಾಗ, ಪಟ್ಟಿ ಕಟ್ಟಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ತಲೆ ಎತ್ತಿದ್ರಾ, ಬಗ್ಗಿಸಿದ್ರಾ?"

"ಕಾಲು ನೋಡ್ಕೊಳ್ತಿದ್ದೆ."

"ನಾನೂ ಅದನ್ನೇ ಮಾಡ್ತಿದ್ದೆ. ನಾಲ್ಕು ವರ್ಷ ಬೈಸ್ಕೊಂಡಿದೀನಿ" ಎಂದು ಅವರು ನಕ್ಕರು.

ಹಳೆಯ ಜಿಮ್

ಆ ಊರಿನವರ ಒಂದು ಗುಣ ನನಗೆ ಒಗ್ಗಲು ಹೊತ್ತು ಹಿಡಿಯಿತು. ಯಾರೂ ಏನೂ ಕೇಳುವುದಿಲ್ಲ. ವೈಯಾಲಿಕಾವಲ್‌ನಲ್ಲಿ ಹೊಸಬಳೊಬ್ಬಳು ಬಂದರೆ ಸಂಜೆಯೊಳಗೆ ಅವಳ ಮದುವೆ, ಮಕ್ಕಳು, ಸಂಬಳ ಎಲ್ಲ ವಿಚಾರಿಸಿ ಮುಗಿಸಿರುತ್ತಾರೆ. ಇಲ್ಲಿ ವಾರಗಳು ಕಳೆದರೂ ಹವಾಮಾನ ಬಿಟ್ಟು ಮಾತಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರೂ ಕೇಳದೆ ನನಗೆ ಮನೆ ನೆನಪು ಜಾಸ್ತಿಯಾಯಿತು.

ಕೇಳಿದವಳು ಒಬ್ಬಳೇ, ಅದೂ ಬೇರೆ ಪ್ರಶ್ನೆ. ನ್ಯಾನ್ಸಿ ಎಂಬ ವಿದ್ಯಾರ್ಥಿನಿ. ಹಸು ಸಾಕುವವರ ಮಗಳು, ಕೆಂಪು ಕೆನ್ನೆ, ಅಗಲ ಭುಜ. ರಿಂಕ್‌ನ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತು, "ನಿಮ್ಮ ದೇಶದಲ್ಲಿ ಹುಡುಗಿಯರು ಹಾಕಿ ಆಡ್ತಾರಂತೆ. ನಿಜಾನಾ?" ಎಂದಳು.

"ನನ್ನ ಟೀಮಲ್ಲಿರೋರೆಲ್ಲ ಹುಡುಗಿಯರೇ. ಯಾಕೆ, ಇಲ್ಲಿ ಆಡಲ್ವಾ?"

ಅವಳು ಅಭ್ಯಾಸ ಮಾಡುತ್ತಿದ್ದ ಹುಡುಗರನ್ನು ಗಲ್ಲದ ಸನ್ನೆಯಲ್ಲೇ ತೋರಿಸಿದಳು. "ನಾನು ನಮ್ಮ ಹೊಲದ ಕೊಳದಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವಳು. ನಾವು ಒಂದಷ್ಟು ಹುಡುಗಿಯರು ಸೇರಿ ಕೋಚ್‌ನ ಕೇಳಿದ್ವಿ. ಹೋದ ವರ್ಷ, ಅದರ ಹಿಂದಿನ ವರ್ಷ. ಐಸ್ ಖಾಲಿ ಇಲ್ಲ ಅಂದ್ರು."

ನನಗೆ ನಂಬಿಕೆ ಬರಲಿಲ್ಲ. ಚಂದ್ರನ ಮೇಲೆ ಕಾಲಿಟ್ಟ ದೇಶ. ಬಸವನಗುಡಿಯಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿಯರು ಮಂಡಿ ತರಚಿಸಿಕೊಂಡು ಗೋಲು ಹೊಡೆಯುತ್ತಿದ್ದರೆ, ಇಲ್ಲಿ ಈ ಗಟ್ಟಿಮುಟ್ಟಾದ ಹುಡುಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಾಳೆ.

"ಐಸ್ ಇಲ್ದಿದ್ರೆ ಬೇಡ. ನೆಲ ಇದೆಯಾ?" ಎಂದೆ.

ಕಾಲೇಜಿನಲ್ಲಿ ಯಾರೂ ಬಳಸದ ಹಳೆಯ ಜಿಮ್ ಇತ್ತು, ಮರದ ನೆಲದ್ದು. ಮರುದಿನದಿಂದ ನ್ಯಾನ್ಸಿ ಮತ್ತವಳ ಗೆಳತಿಯರು ಅಲ್ಲಿಗೆ ಬಂದರು. ಅವರ ಉದ್ದ ಸ್ಟಿಕ್ಕು, ನನ್ನ ಗಿಡ್ಡ ಸ್ಟಿಕ್ಕು, ಒಂದು ಟೆನಿಸ್ ಚೆಂಡು. ನಮ್ಮಲ್ಲಿ ಮೊದಲ ಪಾಠ ಮೂವರು ತ್ರಿಕೋನವಾಗಿ ನಿಂತು ಓಡುತ್ತಲೇ ಚೆಂಡು ದಾಟಿಸುವುದು. ಚೆಂಡು ನೋಡುವಂತಿಲ್ಲ, ಗೆಳತಿಯ ಹೆಜ್ಜೆಯ ಸದ್ದು ಕೇಳಿ ಕೊಡಬೇಕು. ಮೊದಲು ಚೆಂಡು ಕಿಟಕಿಗೆ ಹೋಯಿತು, ಹೀಟರಿಗೆ ಹೋಯಿತು, ಒಬ್ಬಳ ಕನ್ನಡಕಕ್ಕೂ ಹೋಯಿತು. ವಾರ ಕಳೆಯುವಷ್ಟರಲ್ಲಿ ಹೋಗಬೇಕಾದಲ್ಲಿಗೆ ಹೋಗತೊಡಗಿತು. ಬೆಳಿಗ್ಗೆ ನಾನು ಹುರಿಹಿಟ್ಟು ಕಲಸಿಕೊಂಡು ಹೋಗುತ್ತಿದ್ದೆ. ನ್ಯಾನ್ಸಿ ಒಂದು ಗುಟುಕು ಕುಡಿದು, ಇದನ್ನು ನಮ್ಮ ಕರುಗಳಿಗೂ ಕೊಡಬಹುದು ಎಂದಳು. ಹೊಗಳಿಕೆಯೆಂದೇ ತಿಳಿದುಕೊಂಡೆ.

ಕೋಚ್‌ಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಊಟಕ್ಕೆ ಕೂತಾಗ ಹೇಳಿದೆ. "ಒಳ್ಳೇದು" ಎಂದು ರೊಟ್ಟಿಗೆ ಬೆಣ್ಣೆ ಸವರಿದರು. ಅಷ್ಟೇ.

ಹಿಮದಲ್ಲಿ ನಿಂತ ಬಸ್ಸು

ಫೆಬ್ರವರಿಯಲ್ಲಿ ಪರ ಊರಿನ ಪಂದ್ಯವೊಂದಕ್ಕೆ ತಂಡದ ಜೊತೆ ಬಸ್ಸಿನಲ್ಲಿ ಹೋದೆ. ಹಿಂದಿರುಗುವ ದಾರಿಯಲ್ಲಿ ಹಿಮ ಸುರಿಯತೊಡಗಿ, ಬಸ್ಸು ರಸ್ತೆ ಬಿಟ್ಟು ಪಕ್ಕಕ್ಕೆ ಜಾರಿ ನಿಂತುಬಿಟ್ಟಿತು. ಹುಡುಗರೆಲ್ಲ ಇಳಿದು ತಳ್ಳಿದರು. ನಾನೂ ಇಳಿದೆ. ಹೆಲೆನ್ ಕೊಟ್ಟ ಪ್ಯಾಂಟಿನಲ್ಲಿ ಸೊಂಟದವರೆಗೆ ಹಿಮಕ್ಕಿಳಿದು ಭುಜ ಕೊಟ್ಟೆ. ನಮ್ಮ ಬೆಂಗಳೂರಿನ ಬಸ್ಸುಗಳನ್ನು ತಳ್ಳಿ ಅಭ್ಯಾಸವಿದ್ದ ನನಗೆ ಇದೊಂದೇ ಅಲ್ಲಿ ಹೊಸದೆನಿಸದ ಕೆಲಸ. ಬಸ್ಸು ಅಲುಗಲಿಲ್ಲ. ಹಿಮ ಎತ್ತುವ ಗಾಡಿ ಬರುವವರೆಗೆ ಒಳಗೆ ಕಾಯಬೇಕಾಯಿತು. ಹುಡುಗರು ನಿದ್ದೆಗೆ ಜಾರಿದರು. ನಾನು ಕೋಚ್ ಪಕ್ಕದಲ್ಲಿ ಕೂತಿದ್ದೆ.

ಅತಿಥಿಯಾಗಿ ಬಂದವಳು ಮನೆಯವರ ತಪ್ಪು ಎತ್ತಬಾರದು ಎಂದು ನನಗೆ ಗೊತ್ತು. ಆದರೂ ಕೇಳಿದೆ. "ಹುಡುಗಿಯರಿಗೆ ಐಸ್ ಯಾಕೆ ಕೊಡಲ್ಲ, ಕೋಚ್?"

"ಹೊತ್ತಿಲ್ಲ" ಎಂದರು. ಆಮೇಲೆ, "ಅದೊಂದೇ ಅಲ್ಲ. ಪೆಟ್ಟು ಬೀಳೋ ಆಟ. ನನ್ನ ಮೂಗು ನೋಡಿ. ನಾಳೆ ಆ ಹುಡುಗಿಯ ಮುಖಕ್ಕೆ ಪಕ್ ಬಿದ್ರೆ, ಅವಳ ಅಪ್ಪನಿಗೆ ನಾನು ಏನು ಹೇಳಲಿ?" ಎಂದರು.

ಆಗ ನಾನು ಪದ್ಮಳ ಕತೆ ಹೇಳಿದೆ. ಪದ್ಮ ನನ್ನ ತಂಡದ ಮೊದಲ ವರ್ಷಗಳ ಸೆಂಟರ್ ಫಾರ್ವರ್ಡ್. ಅವಳ ತಂದೆಗೆ ತರಗುಪೇಟೆಯಲ್ಲಿ ಬೇಳೆ ಮಂಡಿ. ಒಂದು ಪಂದ್ಯದಲ್ಲಿ ಚೆಂಡು ಸಿಡಿದು ಅವಳ ಮುಂದಿನ ಹಲ್ಲು ಮುರಿಯಿತು. ಬಾಯಿ ತುಂಬ ರಕ್ತ. ಅವಳ ಅಪ್ಪನಿಗೆ ಸುದ್ದಿ ಹೋಯಿತು. ಬಿಳಿ ಪಂಚೆ, ಹಣೆಗೆ ವಿಭೂತಿ, ಅಂಗಿ ತುಂಬ ಬೇಳೆಯ ಧೂಳು, ಮಂಡಿಯಿಂದ ನೇರ ಮೈದಾನಕ್ಕೆ ಬಂದರು. ಮುಗಿಯಿತು, ಮಗಳನ್ನು ಬಿಡಿಸುತ್ತಾರೆ, ಅವಳ ಹಿಂದೆ ಉಳಿದವರೂ ಹೋಗುತ್ತಾರೆ, ನನ್ನ ತಂಡ ಇವತ್ತಿಗೆ ಕೊನೆ ಎಂದುಕೊಂಡು ಕೈಮುಗಿದು ನಿಂತೆ. ಅವರು ಮಗಳ ಗಲ್ಲ ಎತ್ತಿ ಬಾಯಿ ನೋಡಿದರು. ನೋಡಿ, "ಗೋಲ್ ಆಯ್ತೇನವ್ವ?" ಎಂದು ಕೇಳಿದರು.

ಪದ್ಮ ಹೌದೆಂದು ತಲೆಯಾಡಿಸಿದಳು. "ಸರಿ ಬಿಡು. ಹಲ್ಲು ಕಟ್ಟಿಸ್ಬೋದು" ಎಂದರು ಅವರು.

ಕೋಚ್ ಎಷ್ಟು ಜೋರಾಗಿ ನಕ್ಕರೆಂದರೆ ಹಿಂದೆ ಮಲಗಿದ್ದ ಹುಡುಗರು ಎದ್ದು ಕೂತರು. ನಕ್ಕು, ಕಣ್ಣೊರೆಸಿಕೊಂಡು, ಕಿಟಕಿಯ ಕಡೆ ತಿರುಗಿದರು. ಹೊರಗೆ ಬಿಳಿ ಬಿಟ್ಟು ಏನೂ ಇರಲಿಲ್ಲ. ಅತಿಯಾಯಿತೇನೋ ಎಂದುಕೊಂಡೆ.

ಬೆಳಗಿನ ಐಸ್

ಕೆಲವು ದಿನಗಳ ನಂತರ ಜಿಮ್‌ನಲ್ಲಿ ಹುಡುಗಿಯರು ತ್ರಿಕೋನದ ಪಾಸು ಮಾಡುತ್ತಿದ್ದಾಗ ಬಾಗಿಲಲ್ಲಿ ಕೋಚ್ ನಿಂತಿದ್ದು ಕಂಡಿತು. ಟೋಪಿ ಕೈಯಲ್ಲಿತ್ತು. ನ್ಯಾನ್ಸಿ ಗಾಬರಿಯಾಗಿ ಚೆಂಡು ಬಿಟ್ಟಳು. ನಾನು "ನಿಲ್ಲಿಸ್ಬೇಡಿ" ಎಂದೆ. ಅವರು ಕೊನೆಯವರೆಗೂ ನೋಡಿ, ಟೋಪಿ ಹಾಕಿಕೊಂಡು ಹೋದರು.

ಮರುದಿನ ತಿಂಡಿಯ ಹೊತ್ತಿಗೆ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಸಕ್ಕರೆ ಬಟ್ಟಲು ಜೋಡಿಸಿ, "ಆ ಪಾಸ್ ಹೇಗೆ? ಮೂರನೆಯವಳು ಯಾವಾಗ ಹೊರಡ್ತಾಳೆ?" ಎಂದು ಕೇಳಿದರು. ಸಕ್ಕರೆ ಬಟ್ಟಲನ್ನು ಸರಿಸಿ ತೋರಿಸಿದೆ. ಹೆಲೆನ್ ಕಾಫಿಗೆ ಸಕ್ಕರೆ ಹುಡುಕುತ್ತ ನಿಂತಿದ್ದರು. ನಮ್ಮಿಬ್ಬರಿಗೂ ಗಮನವಿರಲಿಲ್ಲ.

"ಇದನ್ನ ನಾನು ನನ್ನ ಹುಡುಗರಿಗೆ ಹೇಳ್ಕೊಡ್ತೀನಿ," ಎಂದರು ಕೋಚ್.

"ಹೇಳ್ಕೊಡಿ. ಬದಲಿಗೆ ಏನ್ ಕೊಡ್ತೀರಾ?"

ಮೊದಲ ಬಾರಿಗೆ ಅವರು ಸೋತ ಮುಖ ಮಾಡಿದರು. "ಬುಧವಾರ ಬೆಳಿಗ್ಗೆ ರಿಂಕ್ ಖಾಲಿ ಇರುತ್ತೆ" ಎಂದರು.

ಆ ಬುಧವಾರ ನ್ಯಾನ್ಸಿ ಮಂಜುಗಡ್ಡೆಗೆ ಇಳಿದ ರೀತಿಯನ್ನು ನಾನು ಮರೆಯಲಾರೆ. ಒಂದು ಸುತ್ತು ಸುಮ್ಮನೆ ಓಡಿದಳು, ಯಾರನ್ನೂ ನೋಡದೆ. ಕೋಚ್ ಬೆಂಚಿನ ಹಿಂದೆ ಕೈಕಟ್ಟಿ ನಿಂತಿದ್ದರು. ಹುಡುಗಿಯರು ಬಿದ್ದರು, ಎದ್ದರು, ಪೆಟ್ಟೂ ತಿಂದರು. ಯಾರೂ ಅಳಲಿಲ್ಲ. ಆಮೇಲೆ ಒಂದು ಮೂವರ ಪಾಸು ಕೂಡಿಬಂತು, ಜಿಮ್‌ನ ನೆಲದ ಮೇಲೆ ಬಂದಂತೆಯೇ, ಆದರೆ ನಾಲ್ಕು ಪಟ್ಟು ವೇಗದಲ್ಲಿ. ಪಕ್ ಬಲೆಗೆ ಬಿತ್ತು. ಕೋಚ್ ಕಟ್ಟಿದ್ದ ಕೈ ಬಿಚ್ಚಿ, ಸ್ಟಿಕ್ಕಿನಿಂದ ಹಲಗೆಯನ್ನು ಕುಟ್ಟಿದರು. ಹುಡುಗಿಯರು ತಮಗಲ್ಲವೇನೋ ಎಂಬಂತೆ ಹಿಂದೆ ತಿರುಗಿ ನೋಡಿದರು. "ನಿಮಗೇ ಹೇಳ್ತಿರೋದು. ಇಲ್ಲಿ ಬನ್ನಿ" ಎಂದರು.

ಅಂದೇ ಮಧ್ಯಾಹ್ನ ಅವರು ಕಾಲೇಜಿನ ಅಧ್ಯಕ್ಷರನ್ನು ನೋಡಲು ಹೋದರು. ಅಧ್ಯಕ್ಷರೆಂದರೆ ನಮ್ಮಲ್ಲಿನ ಪ್ರಿನ್ಸಿಪಾಲರ ಹಾಗೆ. ಅವರು ಒಳ್ಳೆಯವರೇ, ಆದರೆ ಎಲ್ಲ ಊರಿನ ಪ್ರಿನ್ಸಿಪಾಲರ ಮಾತೂ ಒಂದೇ. ಹುಡುಗಿಯರ ತಂಡ ಆಗಲಿ, ಐಸ್ ಕೊಡೋಣ, ಆದರೆ ಕೋಚ್ ಎಲ್ಲಿಂದ ತರೋದು? ಹುಡುಗರ ತಂಡಕ್ಕೆ ಹೊಸ ಕೋಚ್ ಬರುತ್ತಿದ್ದಾರೆ, ಇನ್ನೊಬ್ಬರನ್ನು ತರಲು ಆಗುವುದಿಲ್ಲ. ಕೋಚ್ ಇಲ್ಲದೆ ತಂಡವಿಲ್ಲ. ಮುಂದೆ ನೋಡೋಣ.

ಮುಂದೆ ನೋಡೋಣ ಎಂಬುದರ ಅರ್ಥ ನನಗೆ ಅನುವಾದವಿಲ್ಲದೆ ಗೊತ್ತಾಯಿತು. ನ್ಯಾನ್ಸಿಗೂ ಗೊತ್ತಾಯಿತು. ಅವಳಿಗೆ ಕಾಲೇಜಿನಲ್ಲಿ ಉಳಿದದ್ದು ಇನ್ನೊಂದೇ ವರ್ಷ.

ಕೊನೆಯ ಪಂದ್ಯ

ಕೋಚ್‌ನ ಕೊನೆಯ ಪಂದ್ಯ ಒಂದು ದೊಡ್ಡ ವಿಶ್ವವಿದ್ಯಾಲಯದ ಮೇಲೆ. ಆ ಶನಿವಾರ ಊರಿಗೆ ಊರೇ ಕಾರುಗಳಿಂದ ತುಂಬಿತು. ಅವರ ಹಳೆಯ ಹುಡುಗರು ಎಲ್ಲೆಲ್ಲಿಂದಲೋ ಬಂದಿದ್ದರು. ಬೊಕ್ಕತಲೆಯವರು, ಹೊಟ್ಟೆ ಬಂದವರು, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಓಣಿಯ ಫೋಟೋಗಳ ಮುಂದೆ ನಿಂತು ತಮ್ಮ ಹಳೆಯ ಮುಖ ಹುಡುಕುತ್ತಿದ್ದರು. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತರು. ಹೆಲೆನ್ ನನ್ನ ಕೈ ಹಿಡಿದುಕೊಂಡು ಕೂತರು.

ಕೊನೆಯವರೆಗೂ ಆಟ ಸಮವಾಗಿತ್ತು. ನಮ್ಮ ಹುಡುಗರು ಹೊಡೆದ ಒಂದು ಗೋಲು ನಮ್ಮ ತ್ರಿಕೋನದ್ದೇ. ಕೋಚ್ ಆಗ ಜನರ ನಡುವೆ ನನ್ನನ್ನು ಹುಡುಕಿ ತಲೆಬಾಗಿಸಿದರು. ಬಸವನಗುಡಿಯ ಮಣ್ಣಿನಲ್ಲಿ ಹುಟ್ಟಿದ ಪಾಸಿಗೆ ಸಾವಿರ ಅಮೆರಿಕನ್ನರು ಎದ್ದು ಕೂಗುತ್ತಿದ್ದಾರೆ! ಅಪ್ಪ ಇರಬೇಕಿತ್ತು ಎನ್ನಿಸಿತು.

ಸಮಯ ಮುಗಿಯುವ ಮುನ್ನ ಎದುರಾಳಿಗಳು ಒಂದು ಗೋಲು ಹೊಡೆದರು. ಸೋತೆವು.

ಹುಡುಗರು ಮಂಜುಗಡ್ಡೆಯ ಮೇಲೆ ಮಂಡಿಯೂರಿ ಕೂತುಬಿಟ್ಟರು. ಕೋಚ್ ಮೊದಲು ಗೆದ್ದವರ ಬಳಿ ಹೋಗಿ ಒಬ್ಬೊಬ್ಬರ ಕೈಯನ್ನೂ ಕುಲುಕಿದರು. ಆಮೇಲೆ ತಮ್ಮವರನ್ನು ಹೆಲ್ಮೆಟ್ ತಟ್ಟಿ ಎಬ್ಬಿಸಿದರು. ಜನ ಎದ್ದು ನಿಂತರು. ಚಪ್ಪಾಳೆ ಶುರುವಾಯಿತು, ನಿಲ್ಲಲಿಲ್ಲ. ಸೋತ ಕೋಚ್‌ಗೆ ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಗೆದ್ದ ತಂಡದ ಹುಡುಗರೂ ಸ್ಟಿಕ್ಕುಗಳಿಂದ ಐಸ್ ಕುಟ್ಟುತ್ತಿದ್ದರು.

ಅಧ್ಯಕ್ಷರು ಭಾಷಣ ಮಾಡಿ, ಹೂಗುಚ್ಛ ಕೊಟ್ಟು, ಮೈಕನ್ನು ಕೋಚ್ ಕೈಗಿತ್ತರು. ಅವರಿಗೆ ಮಾತು ಬಾರದು ಎಂದು ಎಲ್ಲರಿಗೂ ಗೊತ್ತಿತ್ತು.

"ಇಲ್ಲಿ ಬಂದಿರೋರೆಲ್ಲ ನನ್ನ ಮಾತು ಸಾಕಷ್ಟು ಕೇಳಿದೀರ," ಎಂದರು. ಜನ ನಕ್ಕರು. "ಈ ಚಳಿಗಾಲ ನಮ್ಮನೇಲಿ ಇಂಡಿಯಾದಿಂದ ಬಂದ ಒಬ್ಬ ಕೋಚ್ ಇದ್ರು. ಇವತ್ತು ನೀವು ಕೂಗಿದ ಗೋಲು ಅವರದ್ದು. ಅವರು ನನಗೆ ಒಂದು ಪ್ರಶ್ನೆ ಕೇಳಿದ್ರು, ನನ್ನ ಹತ್ತಿರ ಒಳ್ಳೇ ಉತ್ತರ ಇರಲಿಲ್ಲ. ಈ ಕಾಲೇಜಲ್ಲಿ ಹಾಕಿ ಆಡಬೇಕು ಅಂತಿರೋ ಹುಡುಗಿಯರಿದಾರೆ. ಆಡೋಕೂ ಬರುತ್ತೆ. ಅವರಿಗೆ ಕೋಚ್ ಸಿಗಲ್ಲ ಅಂತ ಅಧ್ಯಕ್ಷರು ಚಿಂತೆ ಮಾಡ್ತಿದಾರೆ." ಅವರು ಅಧ್ಯಕ್ಷರ ಕಡೆ ತಿರುಗಿದರು. "ಚಿಂತೆ ಬೇಡ, ಸರ್. ಇವತ್ತು ಸಂಜೆಯಿಂದ ಕೆಲಸವಿಲ್ಲದ ಒಬ್ಬನ ಪರಿಚಯ ನನಗಿದೆ."

ಕ್ಷಣ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಮೇಲಿನ ಸಾಲಿನಲ್ಲಿದ್ದ ನ್ಯಾನ್ಸಿಗೆ. ಅವಳ ಕೂಗು ಇಡೀ ರಿಂಕ್‌ಗೆ ಕೇಳಿಸಿತು. ಅಧ್ಯಕ್ಷರು ಅಷ್ಟು ಜನರ ಮುಂದೆ ಮಾಡಬಹುದಾದ ಒಂದೇ ಕೆಲಸ ಮಾಡಿದರು. ಕೋಚ್‌ನ ಕೈ ಕುಲುಕಿದರು. ಹೆಲೆನ್ ಮಾತ್ರ ನನ್ನ ಕಿವಿಯಲ್ಲಿ, "ಇವರು ಇನ್ನು ಮನೇಲಿರ್ತಾರೆ ಅಂತ ನಾನು ಹೊಸ ಪರದೆ ಹೊಲಿಸಿದ್ದೆ" ಎಂದರು. ಅವರ ಕಣ್ಣು ಹೊಳೆಯುತ್ತಿತ್ತು.

ಬಸವನಗುಡಿ

ಊರಿಗೆ ಬಂದ ಮೇಲೆ ವಠಾರದವರು ಮೊದಲು ಕೇಳಿದ್ದು ಸ್ವೆಟರು ಸಾಕಾಯಿತಾ ಎಂದು. ಆಮೇಲೆ ಕತೆ ಕೇಳಲು ಕೂತರು. ಶಾಂತಮ್ಮನಿಗೆ ಕಾರಿನ ವಯರು ಇಷ್ಟವಾಯಿತು, ಅಣ್ಣನಿಗೆ ಗಾಜಿನ ಗೂಡು. ಸಾವಿರ ಜನರ ಮುಂದೆ ಕೋಚ್ ನನ್ನ ಬಗ್ಗೆ ಹೇಳಿದ್ದನ್ನು ನಾನು ಸ್ವಲ್ಪ ನಾಚಿಕೆಯಿಂದಲೇ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ, "ನಿನ್ ಹುಡುಗೀರ್ದು ಮ್ಯಾಚು ಯಾವಾಗ?" ಎಂದಳು.

"ಶನಿವಾರ ಇದೆ. ಯಾಕಮ್ಮ?"

"ನಾನೂ ಬರ್ತೀನಿ."

ಅಪ್ಪನ ಆಟವನ್ನೂ ಅವಳು ನೋಡಿದವಳಲ್ಲ, ನನ್ನದನ್ನೂ ನೋಡಿದವಳಲ್ಲ. ಮಿಲ್ಲಿನ ಮೈದಾನಕ್ಕೆ ಹೆಂಗಸರು ಹೋಗುತ್ತಿರಲಿಲ್ಲ. ಆಮೇಲೆ ಅದು ರೂಢಿಯಾಗಿಬಿಟ್ಟಿತ್ತು.

ಶನಿವಾರ ಒಳ್ಳೆಯ ಸೀರೆ ಉಟ್ಟು ಬಂದಳು. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೊಡೆ ಬಿಚ್ಚಿ ಕೂತಳು. ಮಾರ್ಚಿನ ಬಿಸಿಲು, ಕೆಂಪು ಧೂಳು. ಮೊದಮೊದಲು "ನಮ್ಮೋರು ಯಾವ ಬಣ್ಣ?" ಎಂದು ಪಕ್ಕದವರನ್ನು ಕೇಳುತ್ತಿದ್ದವಳು, ಅರ್ಧ ಆಟ ಮುಗಿಯುವ ಹೊತ್ತಿಗೆ ಕೊಡೆ ಮಡಿಸಿ ಎದ್ದು ನಿಂತಿದ್ದಳು. ಅಂಪೈರು ನಮ್ಮ ವಿರುದ್ಧ ಸೀಟಿ ಊದಿದಾಗ, "ಏನ್ರೀ, ಆ ಮಗು ಏನ್ ಮಾಡ್ತು? ನಾನ್ ನೋಡ್ತಾನೇ ಇದ್ನಲ್ಲ!" ಎಂದು ಕೂಗಿದಳು. ನನ್ನ ಹುಡುಗಿಯರು ನಗು ತಡೆಯಲಾರದೆ ಸ್ಟಿಕ್ಕಿಗೆ ಒರಗಿ ನಿಂತರು. ನಾನು ಅವಳ ಹತ್ತಿರ ಓಡಿ, "ಅಮ್ಮಾ, ಅಂಪೈರಿಗೆ ಹಂಗೆಲ್ಲ ಅನ್ಬಾರ್ದು" ಎಂದೆ. "ನೀನ್ ಹೋಗು, ಆಟ ನೋಡ್ಕೋ" ಎಂದು ನನ್ನನ್ನೇ ಓಡಿಸಿದಳು.

ಆಟ ಮುಗಿದ ಮೇಲೆ ಹುಡುಗಿಯರೆಲ್ಲ ಅವಳ ಕಾಲು ಮುಟ್ಟಿದರು. ಅವಳು ಒಬ್ಬೊಬ್ಬಳ ಮಂಡಿಯ ಗಾಯವನ್ನೂ ಬಗ್ಗಿ ನೋಡಿ, ಅರಿಶಿನ ಹಚ್ಚಲು ಹೇಳಿದಳು.

ನಾವು ಬಸ್ಸು ಹತ್ತಿದೆವು. ಕೂರಲು ಸೀಟು ಸಿಕ್ಕಿತು. ಅಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಕಂಡಕ್ಟರು ಬಂದು ಎಲ್ಲಿಗೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು:

"ಎರಡು ವೈಯಾಲಿಕಾವಲ್ ಕೊಡಪ್ಪಾ. ನಾವು ಗೆದ್ವಿ."